ಕಾಲಂ ತುಂಬುವವಳಲ್ಲ ಬನಶ್ರೀ

"ಇನ್ನ ಮ್ಯಾಲೆ ನೀವು ಬರಿಯೋದು ಬ್ಯಾಡ್ರಿ. ಕಾಲಂ ತುಂಬಿದ್ರ ಸಾಕು!"

ಕಂಪ್ಯೂಟರ್ ಕೆಲಸಕ್ಕೆ ಹೊಸದಾಗಿ ಬಂದಿದ್ದ ಸಂಜೀವಕುಮಾರ ಮೊದಲ ಭೇಟಿಯಲ್ಲೇ ಹೀಗೆಂದಾಗ ಬನಶ್ರೀಗೆ ಮೈಯೆಲ್ಲ ಉರಿದುಹೋಯಿತು.

ಗಜೇಂದ್ರಗಡದ ಆ ಕಾರ್ಖಾನೆ ಟ್ರ್ಯಾಕ್ಟರಿಗೆ ಕಟ್ಟಿ ಬೀಜ ಬಿತ್ತುವ ಕೂರಿಗೆ ತಯಾರಿಸುತ್ತಿತ್ತು. ಅದನ್ನು ಬಳಸುವ ಬಗೆಯನ್ನು ರೈತರಿಗೆ ತಿಳಿಯುವಂತೆ ಬರೆಯುವುದು ನೇಕಾರರ ಮನೆಯ ಈ ಹುಡುಗಿಯ ಕೆಲಸ.

"ಎಚ್ಚರಿಕೆ ಎಲ್ಲಾ ಕಡೀ ಪುಟದಾಗ ಯಾಕ?" ಬನಶ್ರೀ ಕೇಳಿದಳು.

"ನಾ ಮಾಡಿದ ಟೆಂಪ್ಲೇಟ್ ಹಂಗ ಐತ್ರಿ. ಎಲ್ಲಾ ಮಷಿನ್ನಿಗೂ ಒಂದ ನಮೂನಿ."

"ಹೊಲದಾಗ ನಿಂತಾವ ಕಡೀ ಪುಟ ಓದಿ ಬಿತ್ತತಾನೇನ್ರಿ?"

ದಿನವೂ ಇದೇ ಜಗಳ. ಜಗಳವಾಡುತ್ತಲೇ ಒಂದು ಪೊಟ್ಟಣದ ಗಿರ್ಮಿಟ್ ಹಂಚಿಕೊಂಡು ತಿನ್ನುವಷ್ಟು ಹತ್ತಿರವಾದರು. ಅಷ್ಟರಲ್ಲಿ ಮಾಲೀಕರು ಕರೆದು, "ಟೆಂಪ್ಲೇಟ್ ಸಾಕಂತ ಸಂಜೀವ ಹೇಳ್ಯಾನ. ನಾಳಿಂದ ನೀ ಬರೋದು ಬ್ಯಾಡವಾ" ಅಂದುಬಿಟ್ಟರು.

ಇಂಥವನ ಮೇಲೆ ಮನಸ್ಸಿಟ್ಟೆನಲ್ಲಾ... ಛೇ!

ಕೆಲಸ ಹೋದರೂ ಛಲ ಹೋಗಲಿಲ್ಲ. ಹೊಸ ಕೂರಿಗೆಯ ಮೊದಲ ಬಿತ್ತನೆಯ ದಿನ ಬಸ್ಸು ಹತ್ತಿ ನೇರ ಯಾವಗಲ್ ಹಳ್ಳಿಯ ಹೊಲಕ್ಕೆ ಹೋದಳು.

ರೈತ ಕಳಕಪ್ಪ ಟ್ರ್ಯಾಕ್ಟರ್ ಮೇಲಿದ್ದ. ಸಂಜೀವ ಟೆಂಪ್ಲೇಟಿನಂತೆ ಅಚ್ಚಾದ ಕೈಪಿಡಿ ಹಿಡಿದು ಒಂದೊಂದೇ ಹಂತ ಓದುತ್ತಿದ್ದ. 'ಕೂರಿಗೆ ಇಳಿಸಿ.' ಕಳಕಪ್ಪ ಇಳಿಸಿದ. 'ಟ್ರ್ಯಾಕ್ಟರ್ ಚಲಾಯಿಸಿ.' ಚಲಾಯಿಸಿದ. ಬೀಜ ಬೀಳುವ ಕೊಳವೆಗಳ ಬಾಯಿಗೆಲ್ಲ ಹಸಿ ಎರೆಮಣ್ಣು ಮೆತ್ತಿಕೊಂಡಿತು.

"ಏ ಸರ, ನೀವು ಓದಿದಂಗ ಮಾಡೀನಲ್ರಿ! ಕಡ್ಲಿ ಬೀಳವಲ್ದು! ಮಣ್ಣಿನ ಹದಾ ಆರಾಕತ್ತೈತಿ!"

"ಕಡೀ ಪುಟ ಓದ್ರಿ," ಅಂದಳು ಬನಶ್ರೀ.

ಸಂಜೀವ ಪುಟ ತಿರುವಿದ. 'ಟ್ರ್ಯಾಕ್ಟರ್ ನಿಂತಿರುವಾಗ ಕೂರಿಗೆ ಇಳಿಸಬೇಡಿ, ಕೊಳವೆಗೆ ಮಣ್ಣು ಕಟ್ಟುತ್ತದೆ.' ಅವನ ಮುಖ ಸಪ್ಪಗಾಯಿತು.

ಅವಳೂ ಅವನೂ ಕುಕ್ಕರಗಾಲಲ್ಲಿ ಕೂತು ತಂತಿಯಿಂದ ಮಣ್ಣು ತೆಗೆಯತೊಡಗಿದರು.

"ನಿಮ್ಮನ್ನ ಕೆಲಸದಿಂದ ಬಿಡಿಸ್ತಾರಂತ ಖರೇ ಗೊತ್ತಿರ್ಲಿಲ್ಲ, ಬನಶ್ರೀ. ಟೆಂಪ್ಲೇಟ್ ಸಾಕು ಅಂದಿದ್ದೆ, ಅಷ್ಟ. ಅದೂ ತಪ್ಪ. ಮಾಲಕರ ಮುಂದ ನಾನ ಹೇಳ್ತೀನಿ. ವಾಪಸ್ ಬರ್ರಿ."

"ಬರ್ತೀನಿ. ಟೆಂಪ್ಲೇಟೂ ಇರಲಿ. ಆದ್ರ ಯಾವ ಮಾತು ಎಲ್ಲಿ ಬರಬೇಕನ್ನೋದು ನಾ ಹೇಳಿದಂಗ. ಆಗಂಗಿಲ್ಲಂದ್ರ ಈಗ ಹೇಳ್ರಿ, ಊರಿಗೆ ವಾಪಸ್ ಹೋಗೋ ಬಸ್ ಇನ್ನೂ ಬಿಟ್ಟಿಲ್ಲ!"

"ಆತ್ರಿ... ಬರೇ ಕೆಲಸಕ್ಕಲ್ಲ. ನನಗ... ನೀವು ಬೇಕು."

ಅವಳ ಕೈ ನಿಂತಿತು. ಈ ಮಾತಿಗಾಗಿ ಎಷ್ಟು ಕಾದಿದ್ದಳು! ಆದರೂ ತಲೆ ತಗ್ಗಿಸಲಿಲ್ಲ.

"ಹಂಗಾದ್ರ ಮನೀಗೆ ಬಂದು ನಮ್ಮವ್ವನ್ನ ಕೇಳ್ರಿ."

"ಏನಂತ ಕೇಳ್ಬೇಕು? ನೀವ ಬರದು ಕೊಡ್ತೀರೇನು?"

ಅವಳ ಕಣ್ಣು ತುಂಬಿತು, ನಗುವೂ ಬಂತು.

"ಅದನ್ನ ಮಾತ್ರ ನಾ ಬರಿಯಂಗಿಲ್ಲ. ನಿಮ್ಮ ಬಾಯಿಂದ ನೀವ ಹೇಳ್ರಿ... ತಪ್ಪಿದ್ರೂ ನಡಿತೈತಿ."