ಅಪ್ಪನ ತಗಡಿನ ಬೋಟು

ಟಪ್!

ಮುರಿದೇ ಹೋಯಿತು.

ವಾನ್‌ಯು ಚಿಮಟ ಕೆಳಗಿಟ್ಟು ಕಣ್ಣು ಮುಚ್ಚಿಕೊಂಡಳು. ನಿನ್ನೆಯೂ ಹೀಗೇ ಆಗಿತ್ತು. ಈ ತಗಡಿನ ಕಿಟ್ಟಿನಲ್ಲಿ ಪ್ರತಿ ತುಂಡಿಗೂ ಅಕ್ಕಿಕಾಳಿಗಿಂತ ಸಣ್ಣ ಕಿವಿಗಳಿರುತ್ತವೆ. ಒಂದು ತುಂಡಿನ ಕಿವಿಯನ್ನು ಇನ್ನೊಂದು ತುಂಡಿನ ಸೀಳಿನಲ್ಲಿ ತೂರಿಸಿ, ಚಿಮಟದಲ್ಲಿ ಹಿಡಿದು ಮಡಚಬೇಕು. ಒಂದು ಸಲ ಮಡಚಿದರೆ ಸರಿ. ಅಯ್ಯೋ ತಪ್ಪಾಯಿತು ಅಂತ ಬಿಚ್ಚಿ ಮತ್ತೆ ಮಡಚಿದರೆ ಮುಗಿಯಿತು, ಕಿವಿ ಕೈಗೇ ಬರುತ್ತದೆ.

"ಮತ್ತೆ ಮುರೀತಾ ಅಕ್ಕಾ?" ತಂಗಿ ಶಿನ್‌ಶಿನ್ ಮೇಜಿನ ಮೇಲೆ ಗಲ್ಲ ಇಟ್ಟುಕೊಂಡು ನೋಡುತ್ತಿದ್ದಳು. ಅವಳಿನ್ನೂ ಒಂದನೇ ಕ್ಲಾಸಿಗೂ ಹೋಗಿಲ್ಲ, ಬಾಯಿ ಮಾತ್ರ ಊರಗಲ. "ನಿಂಗೆ ಜೋಡಿಸೋ ಕಿಟ್ ಕೊಟ್ರಾ, ಮುರಿಯೋ ಕಿಟ್ ಕೊಟ್ರಾ?"

"ಇಲ್ಲಿ ಉಸಿರು ಬಿಡಬೇಡ. ಕಂಬ ಬಿದ್ದೋಗತ್ತೆ."

"ಉಸಿರು ಬಿಡದೆ ಸತ್ತೋಗ್ಲಾ?"

"ಏಯ್!" ಮೇಜಿನ ಆ ತುದಿಯಿಂದ ಅಜ್ಜಿ ಗದರಿದಳು. "ಈ ತಿಂಗಳಲ್ಲಿ ಆ ಮಾತು ಬಾಯಲ್ಲಿ ಬರಬಾರ್ದು ಅಂತ ಎಷ್ಟು ಸಲ ಹೇಳ್ಬೇಕು ನಿಮಗೆ?"

ಏಳನೇ ತಿಂಗಳು ಬಂತೆಂದರೆ ಅಜ್ಜಿಯದು ಇದೇ ಗೋಳು. ತೀರಿಕೊಂಡವರೆಲ್ಲ ಮನೆಗೆ ಬಂದುಹೋಗುವ ತಿಂಗಳಂತೆ. ಶಿಳ್ಳೆ ಹಾಕಬೇಡಿ. ಕತ್ತಲಾದ ಮೇಲೆ ಬಟ್ಟೆ ಹೊರಗೆ ಬಿಡಬೇಡಿ. ನೀರಿನ ಹತ್ತಿರ ಹೋಗಲೇಬೇಡಿ. ಕೀಲುಂಗ್‌ನಂಥ ಊರಿನಲ್ಲಿದ್ದು ನೀರಿನ ಹತ್ತಿರ ಹೋಗದೆ ಇರುವುದು ಹೇಗೋ ಆ ಅಜ್ಜಿಯೇ ಹೇಳಬೇಕು. ಗಲ್ಲಿ ಮುಗಿದರೆ ಬಂದರು.

ಬೈಯುವಾಗಲೂ ಅಜ್ಜಿಯ ಬೆರಳು ನಿಲ್ಲಲಿಲ್ಲ. ಬೆಳ್ಳಿ ಬಣ್ಣದ ಕಾಗದ ತೆಗೆದುಕೊಂಡು, ಎರಡೂ ಕಡೆ ಮಡಚಿ, ತುದಿ ಎಳೆದರೆ ಒಂದು ಬೆಳ್ಳಿಗಟ್ಟಿ ತಯಾರು. ಅದನ್ನು ಕಾಲ ಬಳಿಯ ರಟ್ಟಿನ ಡಬ್ಬಕ್ಕೆ ಹಾಕುವಳು. ಅಜ್ಜಿಯ ಕಣ್ಣಿಗೆ ಪೊರೆ ಬಂದಿದೆ, ಆದರೆ ಈ ಕೆಲಸಕ್ಕೆ ಅವಳಿಗೆ ಕಣ್ಣು ಬೇಕಿಲ್ಲ. ಇವತ್ತು ಹುಣ್ಣಿಮೆ. ಸಂಜೆ ಹಿರಿಯರಿಗೆ ಎಡೆ ಇಟ್ಟು ಡಬ್ಬದಲ್ಲಿರುವುದನ್ನೆಲ್ಲ ಸುಡಬೇಕು. ಸುಟ್ಟದ್ದು ಅವರಿಗೆ ತಲುಪುತ್ತದೆ.

"ವಾನ್‌ಯು, ನಿನ್ನ ಸ್ಕೂಲಿನ ತಗಡಿನ ಕೆಲಸ ಸಾಕು ಕಣೇ. ತಾತಂಗೆ ಅಂತ ಒಂದಾದ್ರೂ ಮಡಚು. ಮೊಮ್ಮಗಳು ಕೊಟ್ಟಿದ್ದು ಅಂದ್ರೆ ಅವರಿಗೆ ಅದೇ ದೊಡ್ಡದು."

"ಹೂಂ ಅಜ್ಜಿ. ಒಂದು ಮಡಚಿ ಡಬ್ಬಕ್ಕೆ ಹಾಕ್ತೀನಿ."

"ಹೀಗೇ ಅಂತೀಯ, ಮರೀತೀಯ."

ಶಿನ್‌ಶಿನ್ ಅಕ್ಕನ ಕಿವಿಗೆ ಬಾಯಿ ತಂದಳು. "ಇದು ಸ್ಕೂಲಿಂದಲ್ಲ ಅಂತ ಹೇಳ್ಲಾ ಅಜ್ಜಿಗೆ?"

"ಹೇಳು ನೋಡೋಣ. ನಿನ್ನ ಬಿಸ್ಕತ್ ಡಬ್ಬಿ ಎಲ್ಲಿದೆ ಅಂತ ಅಮ್ಮಂಗೆ ನಾನೂ ಹೇಳ್ತೀನಿ."

ಶಿನ್‌ಶಿನ್ ಬಾಯಿಗೆ ಬೀಗ ಬಿತ್ತು.

ವಾನ್‌ಯು ಮಾಡುತ್ತಿದ್ದುದು ಬೋಟು. ಬೊಂಡಾಸ್ ಮೀನು ಹಿಡಿಯುವ ದೊಡ್ಡ ಬೋಟು, ಎರಡೂ ಕಡೆ ಸಾಲು ದೀಪ, ನಡುವೆ ಎತ್ತರದ ಕಂಬ. ಅಪ್ಪ ಕೆಲಸ ಮಾಡುವುದು ಥೇಟ್ ಅಂಥದ್ದರಲ್ಲೇ. ಈ ಸಲ ದೂರದ ಸಮುದ್ರಕ್ಕೆ ಹೊರಡುವ ಹಿಂದಿನ ದಿನ ಕಿಟ್ ತಂದು ಅವಳ ಕೈಗಿಟ್ಟಿದ್ದ. "ನಾನು ವಾಪಸ್ ಬರೋಷ್ಟ್ರಲ್ಲಿ ನನ್ನ ಬೋಟು ರೆಡಿ ಇರ್ಬೇಕು, ಆಯ್ತಾ?" ಅಂದಿದ್ದ. ಈಚೆಗೆ ಅಪ್ಪನ ಫೋನೂ ಬಂದಿಲ್ಲ. ಅಲ್ಲಿ ನೆಟ್ ಸಿಗುವುದಿಲ್ಲ ಎಂದು ಅಮ್ಮ ಹೇಳುತ್ತಾಳೆ. ಅಪ್ಪನ ಬೋಟಿನ ಹೆಸರೆತ್ತಿದರೆ ಸಾಕು, ಅಜ್ಜಿ ಕಳವಳಕ್ಕೆ ಅನ್ನ ಬಿಟ್ಟು ಏಳುತ್ತಾಳೆ. ಅದಕ್ಕೇ ವಾನ್‌ಯು ಅವಳಿಗೆ ಇದು ಸ್ಕೂಲಿನ ಕೆಲಸ ಅಂತಷ್ಟೇ ಹೇಳಿದ್ದಳು.

ರಜೆಯೆಲ್ಲ ಇದರಲ್ಲೇ ಕಳೆಯಿತು. ಕತ್ತು ನೋವು, ಬೆರಳಿಗೆಲ್ಲ ತಗಡಿನ ಗೀರು. ಮೊದಮೊದಲು ಇದ್ದ ಖುಷಿ ಯಾವತ್ತೋ ಆರಿಹೋಗಿತ್ತು. ಈಗ ಮುಗಿದರೆ ಸಾಕಾಗಿತ್ತು.

ಮುರಿದ ಕಿವಿಯ ಜಾಗಕ್ಕೆ ಒಂದು ಹನಿ ಅಂಟು ಹಾಕಿ, ಕಂಬ ಹಿಡಿದುಕೊಂಡು ಕೂತಳು. ಕೈ ಬಿಟ್ಟಳು. ನಿಂತಿತು! ಮಾರ್ಕರ್ ತೆಗೆದು ಮೂತಿಯ ಮೇಲೆ ಅಪ್ಪನ ಬೋಟಿನ ನಂಬರ್ ಬರೆದಳು. ಮುಗಿಯಿತು. ಕುಣಿದಾಡಬೇಕಿತ್ತು, ಆದರೆ ಆಕಳಿಕೆ ಬಂತು.

"ವಾನ್‌ಯು! ಗಂಟೆ ನೋಡಿದ್ಯಾ?" ಅಮ್ಮ ಚಪ್ಪಲಿ ಹಾಕಿಕೊಳ್ಳುತ್ತಲೇ ಕೂಗಿದಳು. ಅವಳು ಹೊರಟಿದ್ದು ನೂಡಲ್ಸ್ ಅಂಗಡಿಯ ಕೆಲಸಕ್ಕೆ. "ಇಂಗ್ಲಿಷ್ ಕ್ಲಾಸಿಗೆ ಲೇಟಾಯ್ತು. ಆ ಮೇಜು ಖಾಲಿ ಮಾಡು, ಎಡೆಗೆ ಬೇಕು!"

ಎಲ್ಲಿಡುವುದು? ನೆಲದಲ್ಲಿಟ್ಟರೆ ಶಿನ್‌ಶಿನ್ ತುಳಿಯುತ್ತಾಳೆ. ಕಪಾಟಿನ ಬಾಗಿಲು ತೆಗೆಯಲು ಅಡ್ಡ ಅಕ್ಕಿಮೂಟೆ. ಅಜ್ಜಿ ಅಡುಗೆಮನೆಗೆ ಎದ್ದು ಹೋಗಿದ್ದಳು. ಕಾಲ ಬಳಿ ರಟ್ಟಿನ ಡಬ್ಬ, ಒಳಗೆ ಮೆತ್ತಗೆ ಕಾಗದದ ಬೆಳ್ಳಿಗಟ್ಟಿ. ವಾನ್‌ಯು ಬೋಟನ್ನು ಅದರ ಮೇಲೆ ಇಟ್ಟಳು. ಬಂದ ತಕ್ಷಣ ತೆಗೆದರಾಯಿತು ಎಂದುಕೊಂಡು ಬ್ಯಾಗ್ ಹೆಗಲಿಗೇರಿಸಿ ಓಡಿದಳು.

ಕ್ಲಾಸಿನಲ್ಲಿ ಅವಳು ಎರಡು ಸಲ ತೂಕಡಿಸಿದಳು. ಊಟವಾದ ಮೇಲೆ ಟೆಸ್ಟ್, ಟೆಸ್ಟ್ ಆದ ಮೇಲೆ ತಪ್ಪಾದ ಸ್ಪೆಲಿಂಗ್ ಬರೆಯುವ ಶಿಕ್ಷೆ. ಬಸ್ಸಿಳಿದು ಗಲ್ಲಿಗೆ ಬರುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಮನೆಮನೆಯ ಮುಂದೆಯೂ ಹೊಗೆ. ಎಡೆಯ ಮೇಜಿನಲ್ಲಿ ಬೇಯಿಸಿದ ಇಡೀ ಕೋಳಿ, ಹುರಿದ ಮೀನು, ಹಣ್ಣು. ಅವಳ ಮನೆಯ ಮುಂದೆ ತೂತು ತೂತಿನ ಕೆಂಪು ಕಬ್ಬಿಣದ ಪೀಪಾಯಿ ಧಗಧಗ ಉರಿಯುತ್ತಿತ್ತು. ಪಕ್ಕದಲ್ಲಿ ಅಜ್ಜಿ ನಿಂತಿದ್ದಳು. ಮುಖವೆಲ್ಲ ನಗು.

"ಬಂದ್ಯಾ ನನ್ನ ಬಂಗಾರ! ಬಾ ಬಾ. ನಂಗೆ ಎಷ್ಟು ಸಂತೋಷ ಆಯ್ತು ಗೊತ್ತಾ? ಒಂದು ಬೆಳ್ಳಿಗಟ್ಟಿ ಮಡಚೇ ಅಂದ್ರೆ ನೀನು ಅಂಥಾದ್ದು ಮಡಚಿಟ್ಟಿದೀಯ!"

"ಏನಜ್ಜಿ?"

"ಅದೇ ಕಣೇ, ಬೋಟು! ಡಬ್ಬಕ್ಕೆ ಕೈ ಹಾಕ್ದೆ, ಮೂತಿ ಸಿಕ್ತು, ಕಂಬ ಸಿಕ್ತು. ಎಷ್ಟು ಗಟ್ಟಿ ಕಾಗದ ಈಗಿಂದು! ನಿಮ್ಮ ತಾತಂಗೆ ಬೋಟು ಅಂದ್ರೆ ಜೀವ. 'ನೋಡಿ, ನಿಮ್ಮ ಮೊಮ್ಮಗಳೇ ಮಡಚಿದಾಳೆ, ಹತ್ತಿ ಕೂತ್ಕೊಳ್ಳಿ' ಅಂತ ಹೇಳಿ ನನ್ನ ಕೈಯಾರೆ ಹಾಕ್ದೆ."

ವಾನ್‌ಯುವಿನ ಹೆಗಲಿಂದ ಬ್ಯಾಗ್ ಜಾರಿ ಬಿತ್ತು.

"ಅದನ್ನ... ಸುಟ್ಟುಬಿಟ್ಯಾ?"

"ಮತ್ತೆ? ತಾತಂಗೆ ಅಂತ ತಾನೇ ಇಟ್ಟಿದ್ದು?"

"ತಾತಂಗಲ್ಲ ಅಜ್ಜೀ!" ಅವಳ ದನಿ ಒಡೆಯಿತು. "ಅದು ಅಪ್ಪನ ಬೋಟು! ನಂಬರೂ ಬರೆದಿದ್ದೆ! ರಜೆಯೆಲ್ಲ ಕೂತು ಮಾಡಿದ್ದೆ! ಒಂದು ಮಾತು ಕೇಳ್ಬಾರ್ದಿತ್ತಾ?"

ಇನ್ನೂ ಏನೇನೋ ಕಿರುಚಬೇಕು ಅನ್ನಿಸಿತ್ತು. ಆದರೆ ಅಜ್ಜಿಯ ಮುಖ ಕಣ್ಣಿಗೆ ಬಿತ್ತು. ಅಜ್ಜಿಯ ನಗು ಹಾಗೇ ಇತ್ತು, ಅದನ್ನು ತೆಗೆಯುವುದು ಹೇಗೆಂದು ಅವಳಿಗೆ ತಿಳಿಯದ ಹಾಗೆ. ಒಂದು ಕೈ ಗೋಡೆ ಹುಡುಕುತ್ತಿತ್ತು.

"ಯಾರ್ದು?"

"ಅಪ್ಪಂದು."

"ಆಖುನ್‌ದಾ? ನನ್ನ ಮಗ ಆಖುನ್ ಬೋಟಾ? ನಂಬರ್ ಸಮೇತ?" ಅಜ್ಜಿ ಉರಿಯನ್ನೇ ನೋಡಿದಳು. "ಅಯ್ಯೋ ದೇವರೇ. ನಾನೇ ಕಳಿಸ್ಬಿಟ್ನಾ? ಅವನಿನ್ನೂ ನೀರ ಮೇಲಿದಾನೆ!"

ಆಗ ವಾನ್‌ಯುಗೆ ಹೊಳೆಯಿತು. ತೀರಿಕೊಂಡವರಿಗೆ ಕಳಿಸುವ ಬೆಂಕಿಯಲ್ಲಿ ಅಪ್ಪನ ಬೋಟು. ಡಬ್ಬದಲ್ಲಿ ಇಟ್ಟವಳು ಅವಳೇ.

ಉರಿಯುವ ಕಾಗದವನ್ನು ಯಾರೂ ಕೆದಕುವುದಿಲ್ಲ. ಕೆದಕಿದರೆ ಹಿರಿಯರಿಗೆ ಹರಿದ ದುಡ್ಡು, ಚೂರು ಬೆಳ್ಳಿ ತಲುಪುತ್ತದೆ. ಶಿನ್‌ಶಿನ್ ಒಮ್ಮೆ ಕೋಲು ಹಾಕಿದ್ದಕ್ಕೆ ಅಜ್ಜಿ ಬೆನ್ನಿಗೆ ಗುದ್ದಿದ್ದಳು. ಈಗ ಅದೇ ಅಜ್ಜಿ ಒಳಗೆ ಓಡಿ, ಕೆಂಡದ ಇಕ್ಕಳ ತಂದು, ಪೀಪಾಯಿಯೊಳಗೆ ತೂರಿಸಿದಳು. ಬೂದಿ ಭುಸ್ಸೆಂದು ಮೇಲೆದ್ದಿತು.

"ಅಯ್ಯಯ್ಯೋ, ಏನ್ ಮಾಡ್ತಿದೀರ! ಕೆದಕ್ಬೇಡಿ!" ಪಕ್ಕದ ಮನೆಯ ಶ್ಯೂ ಆಂಟಿ ತನ್ನ ಮನೆಯ ಉರಿ ಬಿಟ್ಟು ಓಡಿಬಂದಳು. "ಹಿರೀಕರ ದುಡ್ಡು!"

"ನೀನು ಸುಮ್ನಿರಮ್ಮ! ಚೂರಾದ್ರೆ ಆಗ್ಲಿ! ಮುಂದಿನ ವರ್ಷ ಡಬಲ್ ಕೊಡ್ತೀನಿ ಅವರಿಗೆ!"

ಇಕ್ಕಳ ಅತ್ತ ಇತ್ತ ಹೊರಳಿತು. ಅಜ್ಜಿಗೆ ಕಾಣುವುದಿಲ್ಲ.

"ಎಡಕ್ಕೆ ಅಜ್ಜಿ. ಇನ್ನೂ ಕೆಳಗೆ. ಅಲ್ಲಲ್ಲ, ಅದು ಬೂದಿ. ಹಾಂ, ಅಲ್ಲೇ!" ವಾನ್‌ಯು ಅಜ್ಜಿಯ ಕೈಯ ಮೇಲೆ ತನ್ನ ಕೈ ಇಟ್ಟು ಎತ್ತಿದಳು. ಮೆಟ್ಟಿಲ ಮೇಲೆ ಠಣ್ ಎಂದು ಬಿದ್ದಿತು ಬೋಟು. ಕಪ್ಪಗೆ, ಮಸಿಮಸಿ. ನಂಬರ್ ಇರಲಿಲ್ಲ. ಕಂಬ ಅಡ್ಡಡ್ಡ ಮಲಗಿತ್ತು.

ಅಜ್ಜಿ ಮೆಟ್ಟಿಲ ಮೇಲೆ ಕುಸಿದಳು. "ಹೋಯ್ತು. ಹತ್ತಿ ಕೂತ್ಕೊಳ್ಳಿ ಅಂದ್ಬಿಟ್ಟೆ. ಬಾಯಿ ಬಿಟ್ಟು ಹೇಳ್ಬಿಟ್ಟೆ."

"ಇಲ್ಲ ಅಜ್ಜಿ, ಹೋಗಿಲ್ಲ. ಇದು ಸ್ಟೀಲು. ಸುಟ್ಟೇ ಇಲ್ಲ. ಸುಡದೆ ಇರೋದು ಅವರಿಗೆ ತಲುಪಲ್ಲ ತಾನೇ?"

"ಅದೆಲ್ಲ ಕಾಗದಕ್ಕೆ ಕಣೇ. ಸ್ಟೀಲಿನ ಲೆಕ್ಕ ಯಾರಿಗೆ ಗೊತ್ತು?"

"ತಾತಂಗೇ ಬೇಡವಾಗಿತ್ತೇನೋ," ಎಂದಳು ಶಿನ್‌ಶಿನ್ ಬಾಗಿಲ ಹಿಂದಿನಿಂದ. ಇಷ್ಟು ಹೊತ್ತು ಹೆದರಿ ಅಲ್ಲೇ ನಿಂತಿದ್ದಳು.

"ನಿಮ್ಮ ತಾತಂಗಾ? ಬೋಟು ಕಂಡ್ರೆ ಊಟ ಬಿಟ್ಟು ಓಡೋರು! ಅದೇ ಭಯ ನಂಗೆ."

ವಾನ್‌ಯು ಅಜ್ಜಿಯ ಪಕ್ಕದಲ್ಲಿ ಕೂತಳು. ಅಜ್ಜಿಯ ಕೈಯಿಂದ ಇಕ್ಕಳ ತೆಗೆದು ಪಕ್ಕಕ್ಕಿಟ್ಟಳು.

"ಎಷ್ಟೇ ಇಷ್ಟ ಇದ್ರೂ, ತಾತ ಸ್ವಂತ ಮಗನ ಬೋಟನ್ನ ಕಿತ್ಕೋತಾರಾ ಅಜ್ಜಿ?"

ಪೀಪಾಯಿಯ ಉರಿ ಇಳಿಯುತ್ತಾ ಬಂತು. ಅಜ್ಜಿ ಮೂಗು ಒರೆಸಿಕೊಂಡಳು.

"ಇಲ್ಲ. ಅವರು ಅಂಥೋರಲ್ಲ." ಆಮೇಲೆ ಕೈ ಚಾಚಿದಳು. "ಕೊಡಿಲ್ಲಿ." ಬಿಸಿ ಆರಿದ ಬೋಟನ್ನು ಬೆರಳಿನಿಂದ ಮೆಲ್ಲಗೆ ಸವರಿದಳು, ಮೂತಿಯಿಂದ ಹಿಂಬದಿಯವರೆಗೆ. "ಕಂಬ ಬಿದ್ದಿದೆ."

"ನಾಳೆ ಸರಿ ಮಾಡ್ತೀನಿ. ಈಗ ಸುಸ್ತು."

"ಈಗ್ಲೇ ನಿಲ್ಲಿಸು ಮಗಳೇ. ಬಿದ್ದಿರೋದು ಬೇಡ."

ವಾನ್‌ಯುವಿನ ಕಣ್ಣು ಉರಿಯುತ್ತಿತ್ತು, ಹೊಟ್ಟೆ ಹಸಿದಿತ್ತು. ಆದರೂ ಎದ್ದಳು. ಒಳಗೆ ಹೋಗಿ ಚಿಮಟ, ಅಂಟು ತೆಗೆದಳು. ಮಸಿಗೆ ಅಂಟು ಹಿಡಿಯಲಿಲ್ಲ. ಹಳೆ ಟೂತ್‌ಬ್ರಷ್ಷಿನಲ್ಲಿ ಉಜ್ಜಿದಳು. ಅಜ್ಜಿ ಎದುರು ಕುರ್ಚಿಯಲ್ಲಿ ಕೂತು ಟಾರ್ಚ್ ಹಿಡಿದಳು.

"ನಿಂಗೆ ಕಾಣಲ್ವಲ್ಲಜ್ಜಿ, ಟಾರ್ಚ್ ಯಾಕೆ?"

"ನಂಗೆ ಕಾಣದಿದ್ರೆ ಹೋಗ್ಲಿ, ನಿಂಗೆ ಕಾಣ್ಲಿ."

ಒಂದು ಕಡೆಯ ಕಿವಿ ಇನ್ನೂ ಗಟ್ಟಿಯಾಗಿತ್ತು. ಅದನ್ನು ಬಿಚ್ಚುವ ಹಾಗಿಲ್ಲ, ಬಿಚ್ಚಿದರೆ ಮುರಿಯುತ್ತದೆ. ಉಸಿರು ಹಿಡಿದು, ಕಂಬವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಎತ್ತಿದಳು. ಬಿತ್ತು. ಮತ್ತೆ ಎತ್ತಿದಳು. ಮತ್ತೆ ಬಿತ್ತು. ಅಳು ಬಂತು. ನುಂಗಿಕೊಂಡು ಮತ್ತೆ ಎತ್ತಿ, ಅಂಟು ಒಣಗುವ ತನಕ ಕೈ ಅಲುಗಿಸದೆ ಕೂತಳು. ಟಾರ್ಚಿನ ಬೆಳಕು ಮೆಲ್ಲಮೆಲ್ಲಗೆ ಕೆಳಗಿಳಿದು ಮೇಜಿನ ಕಾಲಿನ ಮೇಲೆ ಬಿದ್ದಿತು.

"ಅಜ್ಜಿ, ಮೇಲಕ್ಕೆ ಹಿಡಿ. ನಿಂತಿದೆ ನೋಡು."

ಅಜ್ಜಿಯ ತಲೆ ಎದೆಗೆ ಬಾಗಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಸಣ್ಣಗೆ ಗೊರಕೆ.

ವಾನ್‌ಯು ನೋಡುತ್ತಾ ಕೂತಳು. ಈ ತಿಂಗಳೆಲ್ಲ ಅವಳು ಯಾವಾಗ ಎದ್ದರೂ ಅಜ್ಜಿ ಎದ್ದೇ ಇರುತ್ತಿದ್ದಳು. ಬೆಳಗಿನ ಜಾವ ನೀರು ಕುಡಿಯಲು ಎದ್ದರೂ ಕಾಗದ ಮಡಚುವ ಸರಸರ ಸದ್ದು. ಡಬ್ಬ ತುಂಬಿಸುವ ಅವಸರ ಅಂತಲೇ ವಾನ್‌ಯು ತಿಳಿದಿದ್ದಳು. ಅವಸರವಲ್ಲ, ಹಿರಿಯರಿಗೆ ಕೈತುಂಬ ಕೊಟ್ಟರೆ ಅವರು ನೀರ ಮೇಲಿರುವ ಮಗನನ್ನು ನೋಡಿಕೊಳ್ಳುತ್ತಾರೆ ಅಂತ ಅಜ್ಜಿ ಅಷ್ಟೂ ಮಡಚಿದ್ದಳು.

ಅವಳು ಎದ್ದು, ಅಜ್ಜಿಯ ಬೆರಳುಗಳನ್ನು ಮೆಲ್ಲಗೆ ಬಿಡಿಸಿ ಟಾರ್ಚ್ ತೆಗೆದುಕೊಂಡು ಆರಿಸಿದಳು. ಫ್ಯಾನನ್ನು ಅಜ್ಜಿಯ ಕಡೆ ತಿರುಗಿಸಿದಳು. ಬಾಗಿಲು ಕಿರ್ರೆಂದು ತೆರೆಯಿತು. ಅಮ್ಮ, ಕೈಯಲ್ಲಿ ನೂಡಲ್ಸ್ ಪೊಟ್ಟಣ, ಮುಖದಲ್ಲಿ ಇಡೀ ದಿನದ ಸುಸ್ತು.

"ಏನೇ ಇದು, ಕೈಯೆಲ್ಲ ಮಸಿ? ಎಡೆ ಸಾಮಾನು ಹಾಗೇ ಬಿದ್ದಿದೆ, ಯಾರೂ ತೆಗ್ದೇ..."

"ಶ್! ಮೆಲ್ಲಗೆ ಅಮ್ಮ," ಎಂದಳು ವಾನ್‌ಯು. "ಅಜ್ಜಿಗೆ ನಿದ್ದೆ ಬಂದಿದೆ."