ಒಡತಿಯ ಕೈಗನ್ನಡಿ

ಇಪ್ಪತ್ತೆರಡು ವರ್ಷ ಈ ಹಳೆಯ ಬಂಗಲೆಯನ್ನು ಜನರಿಗೆ ತೋರಿಸಿದವನು ಅವನು. ಮುಖ್ಯ ಗೈಡ್ ಆಗುವವನು ಮಾತ್ರ ಅವನ ಹೆಂಡತಿಯ ತಮ್ಮ! ಬಾಮೈದ ಸೇರಿ ಮೂರು ವರ್ಷವೂ ಆಗಿರಲಿಲ್ಲ. ಸೇರಿಸಿದ್ದು ಯಾರು? ಈ ಭಾವನೇ. ಹಾವಿಗೆ ಹಾಲೆರೆದ ಹಾಗಾಯಿತು.

ಬಾಮೈದನಿಗೆ ಒಂದು ಇಸವಿಯೂ ನೆಟ್ಟಗೆ ನೆನಪಿರುವುದಿಲ್ಲ. ಆದರೂ ಜನ ಅವನ ಹಿಂದೆಯೇ. ಕಾರಂಜಿಯ ಪಕ್ಕ ನಿಂತು ಅವನೇನೋ ಅಂದರೆ ಪ್ರವಾಸಿಗರು ಹೊಟ್ಟೆ ಹಿಡಿದು ನಗುತ್ತಾರೆ, ಜೊತೆಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಇವನ ಜೊತೆ ಇವತ್ತಿನವರೆಗೆ ಒಬ್ಬರೂ ತೆಗೆಸಿಕೊಂಡವರಿಲ್ಲ. ಹೊಟ್ಟೆ ಉರಿಯಿತು, ನಿಜ; ಉರಿಯದೆ ಇನ್ನೇನು? ದೂರಿನ ಪುಸ್ತಕದಲ್ಲಿ ಹನ್ನೊಂದು ಸಲ ಬರೆದ: ತಡವಾಗಿ ಬಂದ, ಇಸವಿ ತಪ್ಪು ಹೇಳಿದ, ನೀಲಿ ಕೋಣೆಯ ಪರದೆ ಇಳಿಸದೆ ಹೋದ, ಬಿಸಿಲಿಗೆ ಗೋಡೆಯ ರೇಷ್ಮೆ ಬಣ್ಣ ಬಿಡುತ್ತಿದೆ. ಮ್ಯಾನೇಜರ್ ಓದಿ ನಕ್ಕರಷ್ಟೇ.

"ನನ್ನ ತಮ್ಮ ಅಲ್ವೇನ್ರೀ, ನೀವೂ ಸ್ವಲ್ಪ ಖುಷಿಪಡಿ," ಎಂದಳು ಹೆಂಡತಿ. ಅವತ್ತೇ ಅವನು ತೀರ್ಮಾನಿಸಿದ.

ನೀಲಿ ಕೋಣೆಯಲ್ಲಿ ಹಿಂದಿನ ಒಡತಿಯ ಬೆಳ್ಳಿ ಕೈಗನ್ನಡಿ ಇತ್ತು. ಅಲ್ಲಿ ಕ್ಯಾಮೆರಾ ಇರಲಿಲ್ಲ. ಕೀಲಿಕೈ ಮ್ಯಾನೇಜರ್ ಬಿಟ್ಟರೆ ಗೈಡುಗಳಿಬ್ಬರ ಬಳಿ ಮಾತ್ರ. ಒಂದು ಗಂಟೆಗೆ ಬಾಮೈದ ಕೋಣೆಗೆ ಬೀಗ ಹಾಕಿ ಜನರನ್ನು ತೋಟಕ್ಕೆ ಕರೆದೊಯ್ಯುತ್ತಾನೆ. ಎರಡಕ್ಕೆ ಮ್ಯಾನೇಜರ್ ಬಂದು ತೆಗೆಯುತ್ತಾರೆ. ನಡುವಿನ ಹೊತ್ತು ಇವನದು.

ಒಂದೂ ಹತ್ತಕ್ಕೆ ಹಿಂದಿನ ಮೆಟ್ಟಿಲು ಹತ್ತಿದ. ಕೈಗೆ ಕರವಸ್ತ್ರ ಸುತ್ತಿಕೊಂಡು ಕನ್ನಡಿ ಎತ್ತಿಕೊಂಡ. ಕಿಟಕಿಯಾಚೆ, ಒಪ್ಪವಾಗಿ ಕತ್ತರಿಸಿದ ಹಸಿರು ಬೇಲಿಗಳ ನಡುವೆ, ಬಾಮೈದ ಕೈ ಬೀಸಿ ಮಾತಾಡುತ್ತಿದ್ದ, ಸುತ್ತಲೂ ನಗು. ನಗು ಮಗನೇ, ನಗು, ಇವತ್ತೊಂದು ದಿನ ನಗು. ಇಪ್ಪತ್ತೆರಡು ವರ್ಷ ಮಾಡಿದಂತೆಯೇ ಕೋಣೆಯನ್ನು ಅಚ್ಚುಕಟ್ಟಾಗಿ ಬಿಟ್ಟು ಬೀಗ ಹಾಕಿದ. ಕನ್ನಡಿ ಬಾಮೈದನ ಚೀಲದಲ್ಲಿ ಟವೆಲಿನ ಅಡಿಗೆ ಹೋಯಿತು. ಒಂದೂವರೆಗೆಲ್ಲ ಅವನು ಊಟದ ಡಬ್ಬಿ ಬಿಚ್ಚಿ ಕೂತಿದ್ದ. ಎಷ್ಟೋ ದಿನದ ಮೇಲೆ ಊಟ ರುಚಿಸಿತು.

ಎರಡಕ್ಕೆ ಗಲಾಟೆ ಎದ್ದಿತು.

"ಎಲ್ಲರ ಚೀಲನೂ ನೋಡಿ ಸರ್, ಮೊದಲು ನನ್ನದೇ," ಎಂದ. ಎರಡನೆಯ ಚೀಲದಲ್ಲೇ ಕನ್ನಡಿ ಸಿಕ್ಕಿತು. "ಅಯ್ಯೋ, ಏನೋ ಇದು? ನಿಮ್ಮಕ್ಕನಿಗೆ ಏನಂತ ಹೇಳಲಿ?" ಎಂದು ತಲೆ ಚಚ್ಚಿಕೊಂಡ. ಒಳಗೊಳಗೇ ತಣ್ಣಗಾಯಿತು.

ಬಾಮೈದನ ಮುಖ ಬಿಳಿಚಿತ್ತು. "ಇಲ್ಲ ಭಾವ, ಅಕ್ಕನಾಣೆ ನಾನಲ್ಲ. ಇವತ್ತೂ ಪರದೆ ಇಳಿಸೋದು ಮರೆತೆ, ಅದಕ್ಕೆ ಸರ್ ಕೈಲಿ ತೋಟದಲ್ಲೇ ಬೈಸ್ಕೊಂಡೆ. ಅಷ್ಟೇ ನನ್ನ ತಪ್ಪು." ಮ್ಯಾನೇಜರ್ ಕನ್ನಡಿಯನ್ನು ಮೇಜಿನ ಮೇಲಿಟ್ಟರು. "ಹೌದು, ಕಾರಂಜಿ ಹತ್ರ ನಿಂತು ನಾನೇ ನೋಡಿದ್ದು, ಪರದೆ ಮೇಲಿತ್ತು. ಆಮೇಲೆ ಇವನು ನನ್ನ ಕಣ್ಮುಂದೆನೇ ಇದ್ದ. ಎರಡಕ್ಕೆ ನಾನು ಬಾಗಿಲು ತೆಗೆದಾಗ ಪರದೆ ಇಳಿದಿತ್ತು." ಅವರು ಭಾವನ ಕಡೆ ತಿರುಗಿದರು. "ಇವನು ಯಾವತ್ತೂ ಇಳಿಸಲ್ಲ ಅಂತ ಪುಸ್ತಕದ ತುಂಬಾ ನೀವೇ ಬರೆದಿದ್ದೀರಲ್ಲ. ಹಾಗಾದ್ರೆ ಇಳಿಸಿದ್ದು ಯಾರು?"