ಭಾನುವಾರದ ಡಾಕ್ಟರ್ ಸಿನಿಮಾ

"ನಿಮ್ಮನ್ನ ಬಿಟ್ಟು ಇರೂದು ನನ್ನ ಕೈಲೆ ಆಗಂಗಿಲ್ರಿ."

ಮಹೇಶಕುಮಾರ ಈ ಮಾತು ಹೇಳಿದ್ದು ನಮ್ಮ ಹೋಟೆಲಿನ ಕಿಟಕಿ ಪಕ್ಕದ ಟೇಬಲ್ಲಿನಲ್ಲಿ, ಹಾಡಹಗಲು, ಮಸಾಲೆ ದೋಸೆ ಮುರಿಯುತ್ತ. ಹೇಳಿದ್ದು ನನಗಲ್ಲ, ಎದುರಿಗೆ ಕುಳಿತಿದ್ದ ರಕ್ಷಿತಾಳಿಗೆ.

ಮರಾಠಿ ಸೀಮೆಯ ಧನಕವಡಿಯಲ್ಲಿರುವ ನಮ್ಮ ಹೋಟೆಲಿನಲ್ಲಿ ಮಧ್ಯಾಹ್ನ ಅಪ್ಪ ಮಲಗಲು ಹೋದ ಮೇಲೆ ಗಲ್ಲಾ ನನ್ನ ಪಾಲಿಗೆ. ಅಲ್ಲಿ ಕುಳಿತರೆ ಕಿಟಕಿ ಟೇಬಲ್ಲಿನ ಪಿಸುಮಾತೂ ಕೇಳಿಸುತ್ತದೆ. ಇದು ಮಹೇಶನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಬೇರೆ ಟೇಬಲ್ ಹಿಡಿಯುತ್ತಿದ್ದ, ನನಗೂ ಅಷ್ಟು ಉರಿ ತಪ್ಪುತ್ತಿತ್ತು.

ಅವನು ಆಗ ಇಂಟರ್ನ್‌ಶಿಪ್ ಮುಗಿಸುವ ಹಂತದಲ್ಲಿದ್ದ ಡಾಕ್ಟರು. ಅವನ ಅಪ್ಪ ಧರ್ಮಣ್ಣ ಗೌಂಡಿ. ಕಲಬುರಗಿ ಕಡೆಯಿಂದ ಬಂದು ನಮ್ಮ ಏರಿಯಾದ ಎಷ್ಟೋ ಬಿಲ್ಡಿಂಗುಗಳ ಗೋಡೆ ಎಬ್ಬಿಸಿದವರು. ರಕ್ಷಿತಾ ಅವನ ಕ್ಲಾಸ್‌ಮೇಟ್, ಬೆಂಗಳೂರಿನವಳು. ಕೂದಲು ಕಟ್ಟಿದರೂ ಚೆಂದ, ಬಿಟ್ಟರೂ ಚೆಂದ. ಇಂಥವರನ್ನು ದೇವರು ಯಾಕೆ ಡಾಕ್ಟರನ್ನೂ ಮಾಡುತ್ತಾನೋ ನನಗೆ ತಿಳಿಯದು.

ಮಹೇಶ ಅದೇ ಮಾತನ್ನು ಮತ್ತೊಮ್ಮೆ ಹೇಳಿದ, ಈ ಸಲ ಇನ್ನೂ ಮೆತ್ತಗೆ. ನಾನು ಒಳಗೆ ಹೋಗಿ ಅವರಿಬ್ಬರ ಕಾಫಿಗೆ ಸಕ್ಕರೆ ಹಾಕಬೇಡಿ ಎಂದು ಹೇಳಿ ಬಂದೆ.

"ಬೇಗ ಹೇಳೋ," ಎಂದಳು ರಕ್ಷಿತಾ. "ನೀನು ಇಷ್ಟು ನಿಧಾನ ಮಾಡಿದ್ರೆ ಅಷ್ಟರಲ್ಲಿ ಅವನು ಬಾಯಿ ಮುಚ್ಚಿರ್ತಾನೆ."

ನನಗೆ ತಡೆಯಲಾಗಲಿಲ್ಲ. ಬಿಲ್ ಹಿಡಿದು ನಾನೇ ಹೋದೆ. "ಯಾರು ಬಾಯಿ ಮುಚ್ಚುವುದು?" ಎಂದೆ.

"ಸಿನಿಮಾದ ಹೀರೋರಿ," ಎಂದ ಮಹೇಶ. ಕಾಫಿ ಕುಡಿದು ಮುಖ ಕಿವುಚಿದ. "ಭಾನುವಾರ ನಮ್ಮ ಶೆಡ್ಡಿನ ಮಕ್ಕಳಿಗಿ ಡಾಕ್ಟರ್ ಸಿನಿಮಾ ತೋರಸ್ತೀವಿ. ಇಂಗ್ಲಿಷ್ ಯಾರಿಗೂ ತಿಳಿಯಂಗಿಲ್ಲ. ಅದಕ್ಕ ಆವಾಜ್ ಬಂದ್ ಮಾಡಿ ನಾವಿಬ್ರೂ ಕನ್ನಡದಾಗ ಮಾತಾಡ್ತೀವಿ. ಪ್ರಾಕ್ಟೀಸ್ ನಡದದ."

ಅಂದರೆ ಪ್ರೇಮ ನಿವೇದನೆಯಲ್ಲ, ಡಬ್ಬಿಂಗು. ಸಮಾಧಾನವಾಗಬೇಕಿತ್ತು. ಆದರೆ ಗಲ್ಲಾಕ್ಕೆ ಮರಳಿ ಕುಳಿತ ಮೇಲೆ ಇನ್ನೊಂದು ಯೋಚನೆ ಹೊಕ್ಕಿತು. ಸಿನಿಮಾದ ಮಾತೇ ಇರಲಿ, ಹೇಳುವಾಗ ಅವಳ ಕಣ್ಣನ್ನೇ ಯಾಕೆ ನೋಡಬೇಕು? ಸಿನಿಮಾ ಅವಳ ಕಣ್ಣಲ್ಲೇನೂ ಓಡುತ್ತಿರಲಿಲ್ಲವಲ್ಲ.

ಮುಂದಿನ ಭಾನುವಾರ ನಾನೂ ಹೊರಟೆ. ಮಕ್ಕಳ ವಿದ್ಯೆಯ ಕೆಲಸ, ಹೋಟೆಲಿನಿಂದ ಬನ್ಸ್, ಚಹಾ ಕಳಿಸೋಣ ಎಂದು ಅಪ್ಪನ ಹತ್ತಿರ ಹೇಳಿದೆ. ವಿದ್ಯೆ ಎಂದರೆ ಕರಗುವ ನಮ್ಮಪ್ಪ ಸುಬ್ಬಯ್ಯನವರು ಕೂಡಲೇ ಹೂಂ ಅಂದರು. ಮಗಳ ಹೊಟ್ಟೆಯೊಳಗಿನ ವಿದ್ಯೆ ಅವರಿಗೆ ಗೊತ್ತಿರಲಿಲ್ಲ.

ಕಾತ್ರಜದ ಕಡೆ, ಕೆಲಸಗಾರರ ಶೆಡ್ಡುಗಳ ಪಕ್ಕ, ಗಣಪತಿ ಮಂಡಳದವರ ಒಂದು ತಗಡಿನ ಹಾಲ್. ನೆಲಕ್ಕೆ ತಾಡಪತ್ರಿ. ಮುಂದೆ ದೊಡ್ಡ ಟಿವಿ, ಅದರ ಎರಡೂ ಬದಿಗೆ ಒಂದೊಂದು ಸ್ಟೂಲ್. ಎಡಗಡೆ ಮಹೇಶ, ಬಲಗಡೆ ರಕ್ಷಿತಾ. ಅವನು ಹೀರೋ, ಮುದುಕರು, ಪೊಲೀಸರು. ಅವಳು ಹೀರೋಯಿನ್, ನರ್ಸು, ತಾಯಂದಿರು. ಮಕ್ಕಳ ಜೊತೆ ದೊಡ್ಡವರೂ ಬಂದು ಕೂರುತ್ತಿದ್ದರು. ಎಲ್ಲರಿಗಿಂತ ಮುಂದೆ ಮಹೇಶನ ಅವ್ವ ಚಂದಮ್ಮ, ಸೆರಗು ತಲೆ ತುಂಬ ಹೊದ್ದು, ಮಗ ಹೇಳಿದ್ದನ್ನೆಲ್ಲ ನಂಬುತ್ತ ಕೂರುತ್ತಿದ್ದರು.

ಆವತ್ತಿನ ಸಿನಿಮಾದಲ್ಲಿ ಒಬ್ಬ ಹಳ್ಳಿ ಡಾಕ್ಟರು ಹಿಮದಲ್ಲಿ ಕುದುರೆಗಾಡಿ ಓಡಿಸಿಕೊಂಡು ಹೆರಿಗೆ ಮಾಡಿಸಲು ಹೋಗುತ್ತಾನೆ. ಮಗು ಅಳದೆ ನೀಲಿಗಟ್ಟಿರುತ್ತದೆ. ಮಹೇಶ ತನ್ನ ಕಲಬುರಗಿ ಕನ್ನಡದಲ್ಲಿ, "ಅಳೋ ಕೂಸ, ಅಳೋ, ನಿಮ್ಮವ್ವ ಕೇಳ್ಲಾಕತ್ತಾಳ," ಎಂದ. ಮಗು ಅತ್ತಾಗ ಹಿಂದಿನ ಸಾಲಿನಲ್ಲಿ ಯಾರೋ ಮೂಗು ಸೀಟಿದರು. ಹನ್ನೆರಡನೇ ಕ್ಲಾಸಿನ ಭಾಗ್ಯಾ ಮೊಣಕಾಲ ಮೇಲೆ ಎದ್ದೇ ನಿಂತಿದ್ದಳು. ರಕ್ತ ಕಂಡರೆ ಕಣ್ಣು ಮುಚ್ಚುವ ಹುಡುಗಿ ಅವಳು.

ಅಲ್ಲಿಯವರೆಗೆ ಸರಿ. ಆಮೇಲೆ ಆ ಡಾಕ್ಟರು ಊರಿನ ಟೀಚರಮ್ಮನನ್ನು ತೋಟಕ್ಕೆ ಕರೆದುಕೊಂಡು ಹೋದ. ಮಹೇಶ ಟಿವಿಯ ಈ ಬದಿಯಿಂದ ಆ ಬದಿಗೆ ನೋಡಿ ಅದೇ ಮಾತು ಹೇಳಿದ. ರಕ್ಷಿತಾ ರೆಪ್ಪೆ ತಗ್ಗಿಸಿ, "ನಂಗೂ ಅಷ್ಟೇ," ಎಂದಳು. ಸಿನಿಮಾದ ಟೀಚರಮ್ಮ ರೆಪ್ಪೆ ತಗ್ಗಿಸಿಯೇ ಇರಲಿಲ್ಲ. ನಾನು ಸರಿಯಾಗಿ ನೋಡಿದ್ದೇನೆ.

ಚಹಾದ ಹೊತ್ತಿಗೆ ಮಹೇಶ ಬನ್ಸ್ ಹಿಡಿದು ನನ್ನ ಹತ್ತಿರ ಬಂದ.

"ನೀವು ಸಿನಿಮಾ ನೋಡಲೇ ಇಲ್ಲ. ಬರೇ ನಮ್ಮ ಕಡೆ ನೋಡ್ಲಾಕತ್ತಿದ್ರಿ."

"ನಾನ್ಯಾಕೆ ನೋಡ್ಲಿ? ಬನ್ಸ್ ಎಲ್ಲರಿಗೆ ಸಾಕಾಗ್ತದಾ ಅಂತ ನೋಡ್ತಾ ಇದ್ದೆ."

"ಬನ್ಸ್ ನನ್ನ ಮಾರಿ ಮ್ಯಾಲ ಇದ್ದವೇನ್ರಿ?"

ನಗು ಬರುತ್ತಿತ್ತು. ಬರಗೊಡಲಿಲ್ಲ. "ನಿಮ್ಗೆ ಡಾಕ್ಟರ್ ಸಿನಿಮಾ ಅಂದ್ರೆ ಅಷ್ಟು ಎಂತಕ್ಕೆ?" ಎಂದು ಮಾತು ತಿರುಗಿಸಿದೆ.

ಅವನು ಹಾಲ್‌ನ ಮಕ್ಕಳ ಕಡೆ ನೋಡಿದ. "ನಾ ಸಣ್ಣಾವಿದ್ದಾಗ ಕಟ್ಟಡದ ವಾಚ್‌ಮನ್ ಖೋಲಿ ಹೊರಗ ನಿಂತು ಕಿಡಕಿಯಿಂದ ಒಂದು ಸಿನಿಮಾ ನೋಡಿದ್ದೆ. ಡಾಕ್ಟರ್ ಒಬ್ಬಾವ ಗೌಂಡಿ ಕಾಲ ತನ್ನ ತೊಡಿ ಮ್ಯಾಲ ಇಟ್ಕೊಂಡು ಪಟ್ಟಿ ಕಟ್ತಾನ. ನಮ್ಮಪ್ಪನ ಕಾಲ ಯಾರೂ ಹಂಗ ಮುಟ್ಟಿದ್ದಿಲ್ರಿ. ಅವತ್ತೇ ಅನ್ಕೊಂಡೆ, ಆದ್ರ ಡಾಕ್ಟರ ಆಗ್ತೀನಿ. ಈ ಮಕ್ಕಳಿಗಿ ಅಂಥದೊಂದು ಕಿಡಕಿ ಬೇಕಲ್ರಿ."

ಇಂಥ ಮಾತು ಆಡಿದರೆ ಯಾರಿಗೆ ತಾನೇ ಸಿಟ್ಟು ಉಳಿಯುತ್ತದೆ? ನನ್ನದು ಇನ್ನೇನು ಕರಗಬೇಕು, ಅಷ್ಟರಲ್ಲಿ ರಕ್ಷಿತಾ ಬಂದು ಅವನ ತುಟಿಯ ಪಕ್ಕ ಅಂಟಿದ್ದ ಬನ್ಸ್ ಚೂರನ್ನು ತೋರಿಸಿ ನಕ್ಕಳು. ಅದನ್ನು ನಾನು ಆಗಲೇ ನೋಡಿದ್ದೆ. ಹೇಳುವುದಕ್ಕೆ ಮನಸ್ಸು ಬಂದಿರಲಿಲ್ಲ, ನೋಡಲು ಚೆನ್ನಾಗಿತ್ತು.

ಆ ಮಳೆಗಾಲವೆಲ್ಲ ನನ್ನ ಭಾನುವಾರಗಳು ಹೀಗೇ ಕಳೆದವು. ಯುದ್ಧಭೂಮಿಯ ಆಸ್ಪತ್ರೆ, ಹೆಣ ಕೊಯ್ಯಲು ಹೆದರುವ ವಿದ್ಯಾರ್ಥಿ, ಮಾತು ಬಾರದ ರೋಗಿಗೆ ಮಾತು ಕಲಿಸುವ ಮುದಿ ವೈದ್ಯೆ. ಮಕ್ಕಳು ಸೋಮವಾರ ಒಬ್ಬರ ಎದೆಗೆ ಒಬ್ಬರು ಕಿವಿ ಇಟ್ಟು ಆಡುತ್ತಿದ್ದರು. ಭಾಗ್ಯಾ ಮೆಡಿಕಲ್ ಪ್ರವೇಶ ಪರೀಕ್ಷೆಯ ಪುಸ್ತಕ ಎಲ್ಲಿ ಸಿಗುತ್ತದೆ ಎಂದು ಮಹೇಶನನ್ನು ಕೇಳಿದಳು. ಎಲ್ಲರಿಗೂ ಆ ಸಿನಿಮಾಗಳು ಏನೋ ಒಂದು ಕೊಟ್ಟವು, ನನಗೆ ಮಾತ್ರ ಹೊಟ್ಟೆಕಿಚ್ಚು. ಹೀರೋ ಹೀರೋಯಿನ್ ಇಬ್ಬರೂ ಸಾಯುವ ಸಿನಿಮಾ ತರಿಸಿ ಎಂದು ಒಮ್ಮೆ ನಾನೇ ಸಲಹೆ ಕೊಟ್ಟೆ.

ಹಾಗಿರುವಾಗ ಒಂದು ದಿನ ಮಹೇಶ ಗಲ್ಲಾದ ಎದುರು ನಿಂತು, ಚಿಲ್ಲರೆ ತೆಗೆದುಕೊಳ್ಳದೆ ಹೇಳಿದ. "ಪೋಸ್ಟಿಂಗ್ ಬಂದದ್ರಿ. ನಂದುರಬಾರ ಕಡೆ, ಗುಡ್ಡದಾಗಿನ ಹಳ್ಳಿ ದವಾಖಾನಿ. ಈ ಭಾನುವಾರದ್ದ ಕಡೀ ಸಿನಿಮಾ."

"ಎಷ್ಟು ಸಮಯ?"

"ಒಂದು ವರ್ಷ ಅಂತಾರ. ಆಮ್ಯಾಲ ಎಲ್ಲಿಗಿ ಒಗೀತಾರೋ."

"ಒಬ್ರೇ ಹೋಗುವುದಾ?"

"ಮತ್ತ್ಯಾರು ಬರ್ತಾರ್ರಿ ನನ್ನ ಕೂಡ ಆ ಗುಡ್ಡಕ್ಕ?"

ಯಾರು ಬರುತ್ತಾರೆಂದು ನನಗೆ ಗೊತ್ತಿತ್ತು. ಇಬ್ಬರೂ ಡಾಕ್ಟರು, ಒಂದೇ ದವಾಖಾನೆ, ಸಂಜೆ ಗುಡ್ಡದ ಮೇಲೆ ಕುಳಿತು ಡೈಲಾಗು. ನಾನು ಚಿಲ್ಲರೆಯನ್ನು ಅವನ ಕಡೆ ತಳ್ಳಿ, "ಶುಭವಾಗಲಿ," ಎಂದೆ. ಅವನು ಹೋಗದೆ ಅಲ್ಲೇ ಚಿಲ್ಲರೆ ಎಣಿಸತೊಡಗಿದ. ನಾನು ತಲೆ ಎತ್ತಲಿಲ್ಲ. ಎತ್ತಿದ್ದರೆ ಅತ್ತುಬಿಡುತ್ತಿದ್ದೆ.

ಆ ಭಾನುವಾರ ಹಾಲ್ ಕಿಕ್ಕಿರಿದಿತ್ತು. ಆದರೆ ಬಲಗಡೆಯ ಸ್ಟೂಲ್ ಖಾಲಿ. ರಕ್ಷಿತಾಳಿಗೆ ಹೆರಿಗೆ ವಾರ್ಡಿನಲ್ಲಿ ಡ್ಯೂಟಿ ಬಿದ್ದಿತ್ತಂತೆ.

ಮಹೇಶ ನೇರ ನನ್ನ ಹತ್ತಿರ ಬಂದ. "ನೀವ ಕೂಡ್ರಬೇಕ್ರಿ."

"ನನ್ನ ಭಾಷೆ ಕೇಳಿದ್ರೆ ಮಕ್ಳು ನಗ್ತಾರೆ."

"ನಗ್ಲಿ. ಕೆಳಗ ಇಂಗ್ಲಿಷ್ ಅಕ್ಷರ ಬರ್ತಾವ, ನೋಡಿ ಹೇಳ್ರಿ. ಇಬ್ರೂ ಡಾಕ್ಟರು, ಊರಾಗ ಬ್ಯಾನಿ ಹಬ್ಬಿರ್ತದ, ಅವ ಹೋಗ್ಬೇಕು. ಕಡೀಗೆ ರೈಲ್ವೆ ಸ್ಟೇಷನ್‌ನಾಗ ಆಕಿ, ನಾ ನಿನಗ ಕಾಯಂಗಿಲ್ಲ, ಹೋಗು ಅಂತಾಳ. ಅಷ್ಟ ಕಥಿ."

ಅವಳ ಸ್ಟೂಲಿನ ಮೇಲೆ ಕುಳಿತೆ. ನನ್ನ ಮೊದಲ ಮಾತಿಗೇ ಹುಡುಗರು ಕಿಸಕ್ಕನೆ ನಕ್ಕರು. ಆ ಬಿಳಿ ಹೆಂಗಸು ಮಂಗಳೂರು ಕಡೆಯ ಕನ್ನಡದಲ್ಲಿ "ಎಂತ ಆಯ್ತು ಇವರಿಗೆ? ಜ್ವರ ಉಂಟಾ?" ಎಂದರೆ ನಗದೆ ಏನು ಮಾಡುತ್ತಾರೆ? ಆದರೆ ಸ್ವಲ್ಪ ಹೊತ್ತಿನಲ್ಲಿ ಎಲ್ಲರೂ ಒಗ್ಗಿಕೊಂಡರು, ನಾನೂ ಒಗ್ಗಿದೆ.

ಆಪರೇಷನ್ ಸೀನ್ ಬಂತು. ಇಬ್ಬರೂ ಮುಖಕ್ಕೆ ಬಿಳಿ ಬಟ್ಟೆ ಕಟ್ಟಿಕೊಂಡರು. ಬಾಯಿ ಕಾಣುವುದಿಲ್ಲ, ಬರೀ ಕಣ್ಣು. ಕೆಳಗೆ ಏನೋ ಕತ್ತರಿ, ದಾರ ಎಂದು ಬರೆದಿತ್ತು. ನಾನು ಅದನ್ನು ಓದಲಿಲ್ಲ.

"ಹೋಗುವವರು ಹೋಗಿ," ಎಂದೆ. "ಆದ್ರೆ ಅವಳ ಹತ್ರ ಅಷ್ಟು ನಗ್ತಾ ಮಾತಾಡುವುದು ಎಂತಕ್ಕೆ?"

ಮಹೇಶ ತಿರುಗಿ ನೋಡಿದ. ಹಾಲ್‌ನಲ್ಲಿ ಗುಸುಗುಸು ಎದ್ದಿತು. ಸಿನಿಮಾದಲ್ಲಿ ಇನ್ನೊಬ್ಬಳು ಇರಲೇ ಇಲ್ಲ.

"ಯಾರ ಬಗ್ಗಿ ಹೇಳ್ತೀರಿ?" ಎಂದ, ಹೀರೋನ ದನಿಯಲ್ಲೇ. "ಆ ನರ್ಸಮ್ಮನ?"

"ನರ್ಸಮ್ಮ ಅಲ್ಲ. ಡಾಕ್ಟ್ರಮ್ಮ. ಅವಳ ಕಣ್ಣೇ ನೋಡ್ತಾ ಡೈಲಾಗ್ ಹೇಳ್ತೀರಲ್ಲ, ಅವಳು."

"ಎದುರಿಗಿ ಕೂತವರ ಕಣ್ಣ ನೋಡದ ಮತ್ತೇನ್ ನೋಡ್ಲಿ? ಆಕಿಗಿ ದೀಪಾವಳಿ ಆದ ಮ್ಯಾಲ ಮದುವಿ ಅದ. ಹುಡುಗ ಬೆಂಗಳೂರಾಗಿದ್ದಾನ."

"ಇದನ್ನು ಮೊದ್ಲೇ ಹೇಳ್ಲಿಕ್ಕೆ ಏನಾಗಿತ್ತು?"

"ನೀವು ಕೇಳಿದ್ರ ಹೇಳ್ತಿದ್ದೆ. ನೀವು ಸಕ್ರಿ ಇಲ್ದ ಕಾಫಿ ಕಳಸೂದು ಬಿಟ್ಟು ಬ್ಯಾರೆ ಏನೂ ಕೇಳ್ಲಿಲ್ಲ."

"ಅಕ್ಕಾರ," ಎಂದು ಭಾಗ್ಯಾಳ ದನಿ ಕೇಳಿತು, ತಾಳ್ಮೆ ತಪ್ಪಿದ ದನಿ. "ಪೇಷಂಟಿಂದ ಏನಾತ್ರಿ? ಹೊಟ್ಟಿ ಹಂಗ ಬಿಟ್ಟು ಜಗಳ ಮಾಡ್ಲಾಕತ್ತಾರಲ್ಲ."

ಕಣ್ಣು ಮುಚ್ಚುವ ಹುಡುಗಿ ಪೂರ್ತಿ ಆಪರೇಷನ್ ನೋಡಿದ್ದಳು. ಮಹೇಶ ಗಡಬಡಿಸಿ ಕತ್ತರಿ ಕೇಳಿದ, ನಾನು ಕೊಟ್ಟೆ. ಇಬ್ಬರೂ ಸೇರಿ ಹೇಗೋ ರೋಗಿಯನ್ನು ಉಳಿಸಿದೆವು.

ಆಮೇಲೆ ನಾನು ಅಕ್ಷರ ನೋಡಿಕೊಂಡೇ ಹೇಳಿದೆ, ಅವನೂ ಅಡ್ಡದಾರಿ ಹಿಡಿಯಲಿಲ್ಲ. ಆದರೆ ನನ್ನ ಎದೆ ಸಿನಿಮಾದಲ್ಲಿರಲಿಲ್ಲ. ರಕ್ಷಿತಾ ಹೋಗುವುದಿಲ್ಲ ಎಂದು ಗೊತ್ತಾಯಿತು. ಅವನು ಹೋಗುವುದಂತೂ ಹೋಗುವುದೇ. ಆ ಗುಡ್ಡದ ಊರಿನ ಹೆಂಗಸರೆಲ್ಲ ಸೆರಗಿನಲ್ಲಿ ಮಗು ಕಟ್ಟಿಕೊಂಡು ಇವನ ಮುಂದೆ ಸಾಲು ನಿಲ್ಲುತ್ತಾರೆ, ಇವನು ಒಬ್ಬೊಬ್ಬರಿಗೂ ಇದೇ ಮೆತ್ತಗಿನ ದನಿಯಲ್ಲಿ ಮಾತಾಡುತ್ತಾನೆ. ಅವರ ಮೇಲೂ ನನಗೆ ಹೊಟ್ಟೆ ಉರಿಯಿತು. ಇನ್ನೂ ನೋಡದ ಜನ, ಪಾಪ.

ರೈಲ್ವೆ ಸ್ಟೇಷನ್ ಬಂತು. ಹೊಗೆ, ಪೆಟ್ಟಿಗೆ, ಟೋಪಿ ಹಿಡಿದು ನಿಂತ ಹೀರೋ. "ನಾ ಹೊಂಟೀನಿ. ನೀವೇನರ ಹೇಳೂದದ ಏನು?" ಎಂದ ಮಹೇಶ. ಆ ಮಾತು ಸಿನಿಮಾದಲ್ಲಿತ್ತೋ ಇಲ್ಲವೋ, ನಾನು ಕೆಳಗೆ ನೋಡಲಿಲ್ಲ.

ಹೀರೋಯಿನ್ ತುಟಿ ಅಲುಗಿತು. ನಿನಗಾಗಿ ಕಾಯುವುದಿಲ್ಲ, ಹೋಗು. ಅಷ್ಟೇ ಹೇಳಬೇಕಿತ್ತು. ಸಿನಿಮಾದವಳು ದೊಡ್ಡ ಮನಸ್ಸಿನವಳು, ರೋಗಿಗಳಿಗಾಗಿ ಅವನನ್ನು ಬಿಟ್ಟುಕೊಡುತ್ತಾಳೆ. ನನ್ನದು ಅಷ್ಟು ದೊಡ್ಡ ಮನಸ್ಸಲ್ಲ.

"ಹೇಳ್ರಿ," ಎಂದ ಮಹೇಶ, ಬಹಳ ಮೆಲ್ಲಗೆ.

"ಹೋಗಿ ಬನ್ನಿ," ಎಂದೆ. "ರೋಗಿಗಳನ್ನು ಚೆನ್ನಾಗಿ ನೋಡಿಕೊಳ್ಳಿ. ಆದ್ರೆ ಅವರು ಗುಣ ಆದ ಮೇಲೆ ನೀವು ನನ್ನವರು. ನಾನು ಕಾಯ್ತೇನೆ."

ಟಿವಿಯಲ್ಲಿ ಹೀರೋ ಮುಖ ಮುಚ್ಚಿಕೊಂಡು ಅಳತೊಡಗಿದ. ಹಾಲ್ ಗೊಂದಲಕ್ಕೆ ಬಿತ್ತು.

"ಕಾಯ್ತೀನಿ ಅಂದಾಳಲ್ಲ, ಮತ್ತ್ಯಾಕ ಅಳ್ತಾನವ?" ಎಂದು ಯಾರೋ ಕೇಳಿದರು.

"ಖುಷಿಗಿ," ಎಂದ ಮಹೇಶ. "ಖುಷಿಗಿ ಅಳ್ಲಾಕತ್ತಾನ." ಅಷ್ಟು ಹೇಳುವುದರಲ್ಲಿ ಅವನ ದನಿ ಒಡೆಯಿತು.

ಚಂದಮ್ಮ ತಲೆಯ ಸೆರಗು ಸರಿಸಿದರು. ಅವರು ಆಗಲೇ ಟಿವಿ ನೋಡುವುದನ್ನು ಬಿಟ್ಟಿದ್ದರು.

"ಅವ ಅಳಲಿ ಬಿಡೋ, ಅದು ಸಿನಿಮಾ. ನೀ ಯಾಕ ಅಳ್ಲಾಕತ್ತಿ?"

ಮಹೇಶ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, ಗದ್ದ ಎತ್ತಿ ನನ್ನ ಕಡೆ ತೋರಿಸಿದ.

"ಈಕಿ ಕಾಯ್ತಾಳಂತವ್ವ."

ಚಂದಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಸಿಮೆಂಟಿನಿಂದ ಒಡೆದ ಬೆರಳುಗಳನ್ನು ತುಟಿಯ ಮೇಲೆ ಇಟ್ಟುಕೊಂಡರು.

"ನೀ ಹೋಟೆಲ್ ಸುಬ್ಬಯ್ಯನೋರ ಮಗಳಲ್ಲೇನು? ಖರೇನೇ ಅಂದಿ ಏನವ್ವ, ಇಲ್ಲ ಅದೂ ಸಿನಿಮಾದ್ದ?"

"ಸಿನಿಮಾದ್ದಲ್ಲ ಅಮ್ಮ," ಎಂದೆ. "ನಾನೇ ಹೇಳಿದ್ದು."